ಮಹಿಳೆಯರು ಮತ್ತು ಹಣಕಾಸು ಸೇವೆಗಳು

ಉಳಿತಾಯ, ಸಾಲ, ವಿಮೆ, ಪಿಂಚಣಿ, ಹಣ ರವಾನೆ ಮತ್ತು ಪಾವತಿ ಇವಿಷ್ಟನ್ನೂ ಒಟ್ಟಾಗಿ ಹಣಕಾಸು ಸೇವೆಗಳೆನ್ನುತ್ತಾರೆ. ಇವನ್ನು ಒದಗಿಸುವ ಬ್ಯಾಂಕು, ಅಂಚೆ ಕಚೇರಿ, ಸಹಕಾರ ಸಂಘ, ವಿಮಾ ಕಂಪನಿ, ಕಿರುಸಾಲ ಸಂಸ್ಥೆ ಮೊದಲಾದವುಗಳ ವ್ಯಾಪ್ತಿಗೆ ಬಡವರು, ಗ್ರಾಮೀಣರು, ಮಹಿಳೆಯರು ಬರುವಂತೆ ಮಾಡುವ ಪ್ರಯತ್ನಕ್ಕೆ ಹಣಕಾಸು ಒಳಗೊಳ್ಳುವಿಕೆ ಎಂದು ಹೆಸರು. ಭಾರತದಲ್ಲಿ ಈ ಪ್ರಯತ್ನದ ಮೊದಲ ಹಂತ, ಅಂದರೆ ಮಹಿಳೆಯ ಹೆಸರಿನಲ್ಲಿ ಒಂದು ಖಾತೆ ತೆರೆಯುವ ಕೆಲಸ, ಬಹುಮಟ್ಟಿಗೆ ಮುಗಿದಿದೆ. ವಿಶ್ವ ಬ್ಯಾಂಕಿನ ಫಿಂಡೆಕ್ಸ್ ಸಮೀಕ್ಷೆಯ ಪ್ರಕಾರ 2011ರಲ್ಲಿ ದೇಶದ ವಯಸ್ಕ ಮಹಿಳೆಯರಲ್ಲಿ ಶೇ. 26ರಷ್ಟು ಮಂದಿಗೆ ಮಾತ್ರ ಖಾತೆಯಿತ್ತು, ಪುರುಷರಲ್ಲಿ ಈ ಪ್ರಮಾಣ ಶೇ. 44 ಆಗಿತ್ತು, 2021ರ ವೇಳೆಗೆ ಇಬ್ಬರಲ್ಲೂ ಅದು ಶೇ. 78ರ ಆಸುಪಾಸಿಗೆ ಬಂದು ಅಂತರ ಅಳಿಸಿಹೋಯಿತು. ಆದರೆ ಖಾತೆ ಹೆಸರಿನಲ್ಲಿರುವುದು ಬೇರೆ, ಹಣ ಕೈಯಲ್ಲಿರುವುದು ಬೇರೆ. ಐದಾರು ದಶಕಗಳ ಬೆಳವಣಿಗೆಯನ್ನು ಒಟ್ಟಾಗಿ ನೋಡಿದರೆ ಹಣಕಾಸು ಸಂಸ್ಥೆಗಳು ಮಹಿಳೆಯನ್ನು ಚಿಕ್ಕ ಸಾಲವನ್ನು ತಪ್ಪದೆ ತೀರಿಸುವವಳಾಗಿ ಬಲುಬೇಗ ಗುರುತಿಸಿದವು. ಸ್ವಂತ ಹೆಸರಿನಲ್ಲಿ ದೊಡ್ಡ ಸಾಲ ಕೇಳುವವಳಾಗಿ, ವಿಮೆ ಮತ್ತು ಪಿಂಚಣಿಯ ಹಕ್ಕುದಾರಳಾಗಿ ಗುರುತಿಸುವಲ್ಲಿ ಮಾತ್ರ ಇಂದಿಗೂ ಹಿಂದೆ ಬಿದ್ದಿವೆ.

ಅಗತ್ಯಗಳ ಸ್ವರೂಪ

ಬ್ಯಾಂಕಿನ ಸಾಂಪ್ರದಾಯಿಕ ಗ್ರಾಹಕನೆಂದರೆ ತಿಂಗಳ ಸಂಬಳ ಬರುವ ಅಥವಾ ಜಮೀನಿನ ದಾಖಲೆ ಇರುವ, ಹುಟ್ಟಿದ ಊರಿನಲ್ಲೇ ನೆಲೆಸಿ ಒಂದೇ ಹೆಸರಿನಲ್ಲಿ ಬದುಕುವ, ನಡುವೆ ಬಿಡುವಿಲ್ಲದೆ ಅರುವತ್ತರವರೆಗೆ ದುಡಿಯುವ ವ್ಯಕ್ತಿ. ಬಹುಪಾಲು ಮಹಿಳೆಯರ ಬದುಕು ಈ ಅಚ್ಚಿಗೆ ಹೊಂದುವುದಿಲ್ಲ. ಕೂಲಿ, ಹೈನು, ಹೂ ಕಟ್ಟುವುದು, ಬೀಡಿ ಸುತ್ತುವುದು ಇಂಥ ಕೆಲಸಗಳಿಂದ ಬರುವ ಆದಾಯ ಸಣ್ಣದು ಮತ್ತು ಅನಿಯಮಿತವಾದದ್ದು. ಮನೆಯೊಳಗಿನ ದುಡಿಮೆಗಂತೂ ಆದಾಯವೆಂಬ ಲೆಕ್ಕವೇ ಇಲ್ಲ. ಹೆರಿಗೆ, ಮಕ್ಕಳ ಪಾಲನೆ, ಹಿರಿಯರ ಆರೈಕೆಗಳಿಂದಾಗಿ ದುಡಿಮೆಯ ವರ್ಷಗಳು ತುಂಡುತುಂಡಾಗುತ್ತವೆ. ಮದುವೆಯಾದ ಮೇಲೆ ಊರು, ವಿಳಾಸ ಹಾಗೂ ಅನೇಕರಿಗೆ ಹೆಸರಿನ ಮುಂದಿನ ಅಕ್ಷರವೂ ಬದಲಾಗುವುದರಿಂದ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್‌ಗಳಲ್ಲಿ ಮೂರು ಬಗೆಯ ಹೆಸರು ಉಳಿದು, ಹಣ ಬರಬೇಕಾದ ದಿನ ಅದೇ ತೊಡಕಾಗುತ್ತದೆ. ಜೊತೆಗೆ ಮಹಿಳೆಯರ ಸರಾಸರಿ ಆಯುಸ್ಸು ಪುರುಷರಿಗಿಂತ ಹೆಚ್ಚು. ಗಂಡನಿಗಿಂತ ವಯಸ್ಸಿನಲ್ಲಿ ಕಿರಿಯಳಾಗಿರುವುದೂ ಸಾಮಾನ್ಯವಾದ್ದರಿಂದ ಬಾಳಿನ ಕೊನೆಯ ವರ್ಷಗಳನ್ನು ವಿಧವೆಯಾಗಿ, ಸ್ವಂತ ವರಮಾನವಿಲ್ಲದೆ ಕಳೆಯುವ ಸಂಭವವೂ ಹೆಚ್ಚು. ಆದ್ದರಿಂದ ಅವರಿಗೆ ಬೇಕಾದ ಸೇವೆಯೆಂದರೆ ಹತ್ತು ಇಪ್ಪತ್ತು ರೂಪಾಯಿಯನ್ನೂ ಪಡೆದುಕೊಳ್ಳುವ, ಮನೆಗೆ ಹತ್ತಿರವಿರುವ, ಆಸ್ತಿಪತ್ರ ಕೇಳದ ಮತ್ತು ಗುಟ್ಟು ಕಾಪಾಡುವ ಸೇವೆ. ಗುಟ್ಟಿನ ಮಾತನ್ನು ಹಣಕಾಸು ಗ್ರಂಥಗಳು ಸಾಮಾನ್ಯವಾಗಿ ಎತ್ತುವುದಿಲ್ಲವಾದರೂ ಅದು ಮುಖ್ಯವಾದದ್ದು. ಕುಡಿತದ ಚಟವುಳ್ಳ ಮನೆಗಳಲ್ಲಿ ಹೆಂಗಸಿನ ಉಳಿತಾಯ ಉಳಿಯುವುದು ಅದು ಯಾರ ಕಣ್ಣಿಗೂ ಬೀಳದಿದ್ದರೆ ಮಾತ್ರ.

ಕಾನೂನಿನ ಹಿನ್ನೆಲೆ

ಪಾಶ್ಚಾತ್ಯ ದೇಶಗಳಲ್ಲಿ ಅಡ್ಡಿಯಿದ್ದುದು ಬ್ಯಾಂಕಿನ ಬಾಗಿಲಲ್ಲೇ. ಫ್ರಾನ್ಸಿನಲ್ಲಿ ವಿವಾಹಿತೆಯರು ಗಂಡನ ಅನುಮತಿಯಿಲ್ಲದೆ ಖಾತೆ ತೆರೆಯುವ ಹಕ್ಕು ಪಡೆದದ್ದು 1965ರಲ್ಲಿ. ಅಮೆರಿಕದಲ್ಲಿ ಸಾಲ ನೀಡುವಾಗ ಲಿಂಗ ಹಾಗೂ ವೈವಾಹಿಕ ಸ್ಥಿತಿಯ ಆಧಾರದ ಮೇಲೆ ಭೇದ ಮಾಡುವುದನ್ನು ನಿಷೇಧಿಸಿದ ಸಮಾನ ಸಾಲಾವಕಾಶ ಕಾಯಿದೆ ಬಂದದ್ದು 1974ರಲ್ಲಿ. ಮಹಿಳೆಯರ ಮೇಲಿನ ಎಲ್ಲ ಬಗೆಯ ತಾರತಮ್ಯವನ್ನು ತೊಡೆಯುವ 1979ರ ವಿಶ್ವಸಂಸ್ಥೆಯ ಒಪ್ಪಂದ ಬ್ಯಾಂಕ್ ಸಾಲ ಮತ್ತು ಅಡಮಾನ ಸಾಲವನ್ನು ಮಹಿಳೆಯ ಹಕ್ಕೆಂದು ಹೇಳಿತು. ಭಾರತ ಇದನ್ನು 1993ರಲ್ಲಿ ಸ್ಥಿರೀಕರಿಸಿತು. ಭಾರತದಲ್ಲಿ ಅಡ್ಡಿಯಿದ್ದುದು ಆಸ್ತಿಯಲ್ಲಿ. ತವರಿನಿಂದ ಹಾಗೂ ಮದುವೆಯಲ್ಲಿ ಬಂದ ಒಡವೆ ವಸ್ತುಗಳಾದ ಸ್ತ್ರೀಧನದ ಮೇಲೆ ಹೆಣ್ಣಿಗೆ ಹಕ್ಕಿತ್ತಾದರೂ, ಸಾಲಕ್ಕೆ ಆಧಾರವಾಗುವ ಜಮೀನು ಮತ್ತು ಮನೆ ಗಂಡುಮಕ್ಕಳ ಪಾಲಾಗುತ್ತಿದ್ದವು. ಈ ವಿಷಯದಲ್ಲಿ ಮೈಸೂರು ಸಂಸ್ಥಾನ ಮುಂದಿತ್ತು. ಅಲ್ಲಿ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಜಾರಿಗೆ ಬಂದಿತು. ಮುಂದೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣುಮಕ್ಕಳನ್ನು ವಾರಸುದಾರರೆಂದು ಒಪ್ಪಿದರೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಸಹಭಾಗಿತ್ವವನ್ನು ಗಂಡುಮಕ್ಕಳಿಗೇ ಮೀಸಲಿರಿಸಿತ್ತು. ಕರ್ನಾಟಕ 1994ರಲ್ಲಿ ಜಾರಿಯಾದ ತನ್ನ ತಿದ್ದುಪಡಿಯ ಮೂಲಕ, ಕೇಂದ್ರ 2005ರ ತಿದ್ದುಪಡಿಯ ಮೂಲಕ ಇದನ್ನು ಸರಿಪಡಿಸಿದವು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಈ ಹಕ್ಕಿದೆಯೆಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನಿಸಿತು.

ಕಾಗದದ ಮೇಲಿನ ಈ ಹಕ್ಕು ಪಹಣಿಗೆ ಇಳಿಯುವುದು ಅಪರೂಪ. ಪಹಣಿಯೆಂದರೆ ಜಮೀನಿನ ಒಡೆತನ, ಸಾಗುವಳಿ, ಬೆಳೆ ಮತ್ತು ಋಣಭಾರದ ವಿವರವುಳ್ಳ ಕಂದಾಯ ದಾಖಲೆ. ಬೆಳೆಸಾಲಕ್ಕೆ ಬ್ಯಾಂಕು ಮೊದಲು ಕೇಳುವುದು ಇದನ್ನೇ. ತಂದೆಯ ಮರಣಾನಂತರ ಪೌತಿ ಖಾತೆ ಮಾಡಿಸುವಾಗ, ಎಂದರೆ ವಾರಸುದಾರರ ಹೆಸರಿಗೆ ಜಮೀನನ್ನು ವರ್ಗಾಯಿಸುವಾಗ, ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಕರ್ನಾಟಕದ ಹಳ್ಳಿಗಳಲ್ಲಿ ವಾಡಿಕೆ. ಪಾಲು ಕೇಳಿದರೆ ತವರಿನ ಅರಿಶಿನ ಕುಂಕುಮಕ್ಕೆ ಎರವಾಗಬೇಕಾದೀತೆಂಬ ಅಳುಕೇ ಆ ಸಹಿಯ ಹಿಂದಿರುತ್ತದೆ. 2015–16ರ ಕೃಷಿ ಗಣತಿಯಂತೆ ದೇಶದ ಕೃಷಿ ಹಿಡುವಳಿಗಳಲ್ಲಿ ಮಹಿಳೆಯರು ನಿರ್ವಹಿಸುವವು ಶೇ. 14ರಷ್ಟು ಮಾತ್ರ. ಹೊಲದಲ್ಲಿ ಕಳೆ ಕೀಳುವ, ನಾಟಿ ಮಾಡುವ, ಹಸು ಕಟ್ಟುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವೇ ಆಗಿದ್ದರೂ ಬೆಳೆಸಾಲ, ಬೆಳೆವಿಮೆ, ಬೆಳೆನಷ್ಟದ ಪರಿಹಾರ ಎಲ್ಲವೂ ಪಹಣಿಯ ಹೆಸರನ್ನು ಹಿಂಬಾಲಿಸುತ್ತವೆ.

ಹಣಕಾಸು ಸಂಸ್ಥೆಗಳ ನಿಯಮಗಳಲ್ಲಿಯೂ ಪಿತೃಪ್ರಧಾನ ಗ್ರಹಿಕೆ ಬಹುಕಾಲ ಉಳಿದಿತ್ತು. ಇಂಗ್ಲಿಷ್ ಕಾದಂಬರಿಗಾರ್ತಿ ಗೀತಾ ಹರಿಹರನ್ ತಮ್ಮ ಅಪ್ರಾಪ್ತ ವಯಸ್ಸಿನ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳಿಗೆ ತಾಯಿಯಾಗಿ ತಾವೇ ಸಹಿ ಮಾಡಿ ಅರ್ಜಿ ಸಲ್ಲಿಸಿದಾಗ, ಸ್ವಾಭಾವಿಕ ಪೋಷಕ ತಂದೆಯೆಂಬ ಕಾರಣಕ್ಕೆ ಅದು ಅಂಗೀಕಾರವಾಗಲಿಲ್ಲ. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ತಂದೆ ಬದುಕಿರುವಾಗಲೂ ಸಂದರ್ಭಾನುಸಾರ ತಾಯಿ ಪೋಷಕಿಯಾಗಬಹುದೆಂದು 1999ರಲ್ಲಿ ತೀರ್ಪು ಬಂದಿತು. ತಾಯಿಯೊಬ್ಬಳೇ ಬೆಳೆಸಿದ ಮಕ್ಕಳು ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ನಿಯಮ ಸಡಿಲವಾದದ್ದು 2018ರ ಡಿಸೆಂಬರಿನಲ್ಲಿ. ಇದಕ್ಕೆ ಪ್ರತಿಯಾಗಿ, ಮಹಿಳೆಯರಿಗೆ ನಿಜವಾಗಿ ಒದಗಬಲ್ಲ ಹಳೆಯ ಕಾನೂನೊಂದು ಹೆಚ್ಚು ಬಳಕೆಯಿಲ್ಲದೆ ಉಳಿದಿದೆ. 1874ರ ವಿವಾಹಿತ ಮಹಿಳೆಯರ ಸ್ವತ್ತಿನ ಕಾಯಿದೆಯ 6ನೆಯ ಪ್ರಕರಣದ ಮೇರೆಗೆ ಗಂಡ ತನ್ನ ಜೀವವಿಮೆಯನ್ನು ಹೆಂಡತಿ ಮತ್ತು ಮಕ್ಕಳ ಹಿತಕ್ಕೆಂದು ಮಾಡಿಸಿದರೆ ಆ ಹಣ ಒಂದು ನ್ಯಾಸವಾಗಿ ನಿಲ್ಲುತ್ತದೆ ಮತ್ತು ಗಂಡನಿಗೆ ಸಾಲ ಕೊಟ್ಟವರು ಅದನ್ನು ಮುಟ್ಟುವಂತಿಲ್ಲ. ಪಾಲಿಸಿ ಪಡೆಯುವಾಗ ಒಂದು ಹೆಚ್ಚುವರಿ ನಮೂನೆ ತುಂಬಿದರೆ ಸಾಕಾಗುವ ಈ ರಕ್ಷಣೆಯನ್ನು ವಿಮಾ ಏಜೆಂಟರು ಎಲ್ಲ ಗ್ರಾಹಕರಿಗೂ ತಿಳಿಸುವುದು ಕಡ್ಡಾಯವಾಗಬೇಕಿತ್ತು.

ಚೀಟಿ, ಚಿನ್ನ, ಪಿಗ್ಮಿ

ಬ್ಯಾಂಕು ದೂರವಿದ್ದ ಕಾಲದಲ್ಲಿ ಮಹಿಳೆಯರು ತಮ್ಮದೇ ಹಣಕಾಸು ವ್ಯವಸ್ಥೆ ಕಟ್ಟಿಕೊಂಡಿದ್ದರು. ಸಾಸಿವೆ, ಜೀರಿಗೆಯ ಡಬ್ಬಿಗಳಲ್ಲಿ ಮಡಚಿಟ್ಟ ನೋಟುಗಳು, ನೆರೆಹೊರೆಯ ಕೈಗಡ, ಪರಿಚಿತರ ನಡುವಿನ ಚೀಟಿ ಇವು ಅದರ ಮುಖ್ಯ ಅಂಗಗಳು. ಚೀಟಿಯೆಂದರೆ ಹತ್ತಿಪ್ಪತ್ತು ಮಂದಿ ತಿಂಗಳಿಗಿಷ್ಟೆಂದು ಹಣ ಹಾಕಿ, ಒಟ್ಟು ಮೊತ್ತವನ್ನು ಪ್ರತಿ ತಿಂಗಳೂ ಒಬ್ಬರು ಲಾಟರಿಯಿಂದಲೋ ಹರಾಜಿನಿಂದಲೋ ಎತ್ತಿಕೊಳ್ಳುವ ಪದ್ಧತಿ. ಮೊದಲು ಎತ್ತಿದವರಿಗೆ ಅದು ಸಾಲ, ಕೊನೆಗೆ ಎತ್ತಿದವರಿಗೆ ಉಳಿತಾಯ. 1982ರ ಚಿಟ್ ಫಂಡ್ ಕಾಯಿದೆ ನೋಂದಾಯಿತ ಚೀಟಿಗಳನ್ನು ನಿಯಂತ್ರಿಸುತ್ತದೆಯಾದರೂ ಬೀದಿಯ ಹೆಂಗಸರು ಸೇರಿ ನಡೆಸುವ ಚೀಟಿ ನಂಬಿಕೆಯ ಮೇಲೆಯೇ ನಡೆಯುವುದರಿಂದ, ಚೀಟಿ ನಡೆಸುವವರು ಊರುಬಿಟ್ಟರೆ ಹಾಕಿದ ಹಣ ಮರಳಿ ಬರುವುದು ಕಷ್ಟ. ಡಬ್ಬಿಯ ಉಳಿತಾಯದ ಮಿತಿ 2016ರ ನವೆಂಬರ್ 8ರಂದು 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ ಬಯಲಾಯಿತು. ಆ ನೋಟುಗಳನ್ನು ಬ್ಯಾಂಕಿಗೆ ಕಟ್ಟಬೇಕಾಗಿ ಬಂದ ಲಕ್ಷಾಂತರ ಗೃಹಿಣಿಯರ ವರ್ಷಗಳ ಗುಪ್ತಧನ ಕೆಲವೇ ವಾರಗಳಲ್ಲಿ ಮನೆಮಂದಿಗೆಲ್ಲ ಗೊತ್ತಾಗಿ, ಅದರ ಮೇಲಿದ್ದ ಅವರ ಹಿಡಿತವೂ ಅದರೊಂದಿಗೇ ಹೋಯಿತು.

ಚಿನ್ನದ ಕಥೆ ಇನ್ನೂ ಸೂಕ್ಷ್ಮವಾದದ್ದು. ಸ್ತ್ರೀಧನ ಹೆಂಡತಿಯ ಸಂಪೂರ್ಣ ಸ್ವತ್ತು, ಗಂಡನ ಮನೆಯವರು ಅದಕ್ಕೆ ಬರೀ ಕಾವಲುಗಾರರು ಎಂದು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವ್ಯವಹಾರದಲ್ಲಾದರೋ ಬಿತ್ತನೆಯ ಕಾಲದಲ್ಲಿ, ಮಕ್ಕಳ ಕಾಲೇಜಿನ ಶುಲ್ಕ ಕಟ್ಟುವ ಜೂನ್ ತಿಂಗಳಲ್ಲಿ, ಆಸ್ಪತ್ರೆಯ ಖರ್ಚು ಬಂದಾಗ ಮೊದಲು ಅಡವಿಗೆ ಹೋಗುವುದು ಅವಳ ಬಳೆ ಮತ್ತು ಸರ. ಚಿನ್ನದ ಮೌಲ್ಯದ ಶೇ. 75ರವರೆಗೆ ಸಾಲ ಕೊಡುವ ಪದ್ಧತಿ ಬಹುಕಾಲ ರೂಢಿಯಲ್ಲಿತ್ತು. ದಾಖಲೆಯ ಗೋಜಿಲ್ಲದೆ ಅರ್ಧ ಗಂಟೆಯಲ್ಲಿ ಹಣ ಸಿಗುವುದರಿಂದ ತುರ್ತಿಗೆ ಇದಕ್ಕಿಂತ ಅನುಕೂಲದ ಸಾಲವಿಲ್ಲ. ಆದರೆ ಸಾಲದ ಚೀಟಿಯಲ್ಲಿ ಗಂಡನ ಹೆಸರಿದ್ದರೆ ಒತ್ತೆ ಅವಳದಾಗಿ, ಹಣ ಅವನದಾಗಿ, ಸಾಲ ತೀರಿಸಿದ ಒಳ್ಳೆಯ ದಾಖಲೆಯೂ ಅವನದಾಗುತ್ತದೆ. ಒಡವೆಯ ಒಡತಿಯೇ ಸಾಲಗಾರ್ತಿ ಅಥವಾ ಸಹಸಾಲಗಾರ್ತಿ ಆಗಿರಬೇಕೆಂಬ ಒಂದು ನಿಯಮ ಈ ಅನ್ಯಾಯದ ಬಹುಭಾಗವನ್ನು ನಿವಾರಿಸಬಲ್ಲದು.

ಮಹಿಳೆಯರನ್ನೇ ಉದ್ದೇಶಿಸದಿದ್ದರೂ ಅವರ ಅಗತ್ಯಕ್ಕೆ ಬಹು ಹತ್ತಿರ ಬಂದ ಯೋಜನೆಯೆಂದರೆ ಕರಾವಳಿಯಲ್ಲಿ ಹುಟ್ಟಿದ ಪಿಗ್ಮಿ ಠೇವಣಿ. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದಿನ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಇದನ್ನು ಆರಂಭಿಸಿತು. ಏಜೆಂಟನು ಪ್ರತಿದಿನ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸಿ ಚೀಟಿ ಕೊಡುತ್ತಿದ್ದನು. ಶಾಖೆಗೆ ಹೋಗಲು ಬಿಡುವಿಲ್ಲದ, ಹೋದರೆ ಏಕೆ ಹೋದೆಯೆಂಬ ಪ್ರಶ್ನೆಗೆ ಉತ್ತರಿಸಬೇಕಾದ ಹೆಂಗಸಿಗೆ ಇದು ಒದಗಿದಷ್ಟು ಮುಂದಿನ ಅನೇಕ ಮಹಿಳಾ ಯೋಜನೆಗಳು ಒದಗಿಲ್ಲ. ಇದೇ ಬ್ಯಾಂಕು 1960ರ ದಶಕದಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳಾ ಸಿಬ್ಬಂದಿಯೇ ನಡೆಸುವ ಶಾಖೆಯನ್ನೂ ತೆರೆದಿತ್ತು.

ಮಹಿಳೆಯರು ಕಟ್ಟಿದ ಬ್ಯಾಂಕುಗಳು

ಇಳಾ ಭಟ್ ಅವರು 1972ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ಸ್ವೋದ್ಯೋಗಿ ಮಹಿಳೆಯರ ಸಂಘ 'ಸೇವಾ' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ತರಕಾರಿ ಮಾರುವವರು, ತಲೆಹೊರೆ ಹೊರುವವರು, ಹಳೆಯ ಬಟ್ಟೆಯ ವ್ಯಾಪಾರಿಗಳು ಇದರ ಸದಸ್ಯೆಯರಾಗಿದ್ದರು. ಬ್ಯಾಂಕುಗಳಲ್ಲಿ ಇವರಿಗೆ ಸಿಕ್ಕ ತಾತ್ಸಾರವನ್ನು ಕಂಡು, ಸುಮಾರು 4,000 ಸದಸ್ಯೆಯರು ತಲಾ 10 ರೂಪಾಯಿ ಹಾಕಿ 1974ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಸಹಿ ಮಾಡಲು ಬಾರದವರ ಗುರುತಿಗೆ ಭಾವಚಿತ್ರವನ್ನು ಬಳಸಿದ್ದು, ಬಿಡುವಿನ ಹೊತ್ತಿಗೆ ಹೊಂದುವಂತೆ ಅವರಿದ್ದಲ್ಲಿಗೇ ಹೋಗಿ ಉಳಿತಾಯ ಸಂಗ್ರಹಿಸಿದ್ದು, ಮನೆ ಮತ್ತು ದುಡಿಮೆಯ ಸಲಕರಣೆಗಳನ್ನು ಮಹಿಳೆಯ ಹೆಸರಿಗೆ ತರುವುದಕ್ಕೆ ಒತ್ತು ಕೊಟ್ಟದ್ದು ಈ ಬ್ಯಾಂಕಿನ ಹಿರಿಮೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಚೇತನಾ ಸಿನ್ಹಾ ಅವರ ನೇತೃತ್ವದಲ್ಲಿ 1997ರಲ್ಲಿ ಆರಂಭವಾದ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕಿನದೂ ಇದೇ ಬಗೆಯ ಕಥೆ. ಪ್ರವರ್ತಕಿಯರು ಹೆಬ್ಬೆಟ್ಟು ಒತ್ತುವವರೆಂಬ ಕಾರಣಕ್ಕೆ ಮೊದಲ ಅರ್ಜಿ ತಿರಸ್ಕೃತವಾದಾಗ ಅವರು ಓದುಬರಹ ಕಲಿತು, ಬಡ್ಡಿಯ ಲೆಕ್ಕವನ್ನು ತಾವೇ ಹಾಕಿ ತೋರಿಸಲು ಸಿದ್ಧರಾಗಿ ಮರಳಿ ಹೋಗಿ ಪರವಾನಗಿ ಪಡೆದರು. ಇವೆರಡಕ್ಕೂ ಭಿನ್ನವಾಗಿ, ಕೇಂದ್ರ ಸರ್ಕಾರ 1,000 ಕೋಟಿ ರೂಪಾಯಿ ಬಂಡವಾಳದೊಂದಿಗೆ 2013ರ ನವೆಂಬರ್ 19ರಂದು ಮುಂಬಯಿಯಲ್ಲಿ ಉದ್ಘಾಟಿಸಿದ ಭಾರತೀಯ ಮಹಿಳಾ ಬ್ಯಾಂಕು ನಾಲ್ಕು ವರ್ಷವೂ ತುಂಬುವ ಮೊದಲೇ, 2017ರ ಏಪ್ರಿಲ್ 1ರಂದು, ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮೇಲಿನಿಂದ ಇಳಿಸಿದ ಮಹಿಳಾ ಬ್ಯಾಂಕು ಉಳಿಯಲಿಲ್ಲ, ಕೆಳಗಿನಿಂದ ಎದ್ದವು ಉಳಿದವು.

ಸ್ವಸಹಾಯ ಸಂಘಗಳು

ಹತ್ತರಿಂದ ಇಪ್ಪತ್ತು ಮಂದಿ ಮಹಿಳೆಯರು ವಾರಕ್ಕೊಮ್ಮೆ ಸೇರಿ ಸಮನಾದ ಸಣ್ಣ ಮೊತ್ತ ಉಳಿಸಿ, ಆ ಹಣವನ್ನು ತಮ್ಮೊಳಗೇ ಸಾಲವಾಗಿ ಕೊಟ್ಟುಕೊಂಡು, ಬಡ್ಡಿಯನ್ನು ಸಂಘದ ನಿಧಿಗೇ ಸೇರಿಸುವ ಏರ್ಪಾಡು ಸ್ವಸಹಾಯ ಸಂಘ. ಇದರ ಬೆಳವಣಿಗೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ ಮುಂದೆ ಗ್ರಾಮೀಣ ಸಹಕಾರ ಸಂಘಗಳೊಂದಿಗೆ ಕೆಲಸ ಮಾಡುತ್ತಿತ್ತು. 1980ರ ದಶಕದ ನಡುವಿನಲ್ಲಿ ಅವುಗಳಲ್ಲಿ ಕೆಲವು ಒಡೆದಾಗ, ಪರಸ್ಪರ ನಂಬಿಕೆಯುಳ್ಳ ಚಿಕ್ಕ ಗುಂಪುಗಳು ತಾವಾಗಿಯೇ ಮುಂದುವರಿದದ್ದನ್ನು ಅದು ಗಮನಿಸಿ ಬೆಳೆಸಿತು. ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕು, ಅಂದರೆ ನಬಾರ್ಡ್, 1987ರಲ್ಲಿ ಈ ಗುಂಪುಗಳಿಗಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ನೀಡಿ, 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭಿಸಿತು. ನೋಂದಣಿಯಿಲ್ಲದ ಗುಂಪಿಗೂ ಖಾತೆ ತೆರೆಯಬಹುದು, ಒತ್ತೆಯಿಲ್ಲದೆ ಸಾಲ ಕೊಡಬಹುದು, ಸಾಲದ ಉದ್ದೇಶವನ್ನು ಗುಂಪೇ ತೀರ್ಮಾನಿಸಬಹುದು ಎಂಬ ಮೂರು ಸಡಿಲಿಕೆಗಳು ಅಂದಿನ ಬ್ಯಾಂಕಿಂಗ್ ಪದ್ಧತಿಯಲ್ಲಿ ಕ್ರಾಂತಿಕಾರಕವಾಗಿದ್ದವು. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000–01ರಲ್ಲಿ ಬಂದಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ಕರಾವಳಿ, ಮಲೆನಾಡುಗಳಿಂದ ರಾಜ್ಯದಾದ್ಯಂತ ಹಬ್ಬಿದವು. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ರಾಜ್ಯದಲ್ಲಿ ಸಂಜೀವಿನಿ ಎಂಬ ಹೆಸರಿನಿಂದ ನಡೆಯುತ್ತಿದೆ. 2023ರ ಮಾರ್ಚ್ ವೇಳೆಗೆ ದೇಶದಲ್ಲಿ ಬ್ಯಾಂಕುಗಳೊಂದಿಗೆ ಉಳಿತಾಯ ಖಾತೆ ಹೊಂದಿದ್ದ ಸಂಘಗಳು 1.34 ಕೋಟಿ, ಅವುಗಳ ಉಳಿತಾಯ ಸುಮಾರು 58,900 ಕೋಟಿ ರೂಪಾಯಿ.

ಸಂಘದ ಸಭೆಯಲ್ಲಿ ಚಾಪೆಯ ಮೇಲೆ ಕೂತು ನಿರ್ಣಯ ಪುಸ್ತಕ ಬರೆಯುವುದು, ಬ್ಯಾಂಕಿನ ಮ್ಯಾನೇಜರನ ಎದುರು ಕುರ್ಚಿಯಲ್ಲಿ ಕೂತು ಮಾತನಾಡುವುದು, ಗ್ರಾಮ ಪಂಚಾಯಿತಿಗೆ ನಿಲ್ಲುವುದು ಇವೆಲ್ಲ ಹಣದ ಲೆಕ್ಕಕ್ಕೆ ಸಿಗದ, ಆದರೆ ನಿಶ್ಚಯವಾಗಿ ದೊರೆತ ಲಾಭಗಳು. ಆದರೆ ಸಂಘವೇ ಮಿತಿಯೂ ಆಗಬಹುದು. ಸಾಲ ಗುಂಪಿನ ಹೆಸರಿನಲ್ಲಿದ್ದುದರಿಂದ ಹದಿನೈದು ವರ್ಷ ಒಂದು ಕಂತನ್ನೂ ತಪ್ಪಿಸದ ಸದಸ್ಯೆಗೂ ಸಾಲ ಮಾಹಿತಿ ಕಂಪನಿಗಳಲ್ಲಿ, ಎಂದರೆ ಪ್ರತಿಯೊಬ್ಬರ ಸಾಲ ಮತ್ತು ಮರುಪಾವತಿಯ ಇತಿಹಾಸವನ್ನು ಕಾದಿಡುವ ಸಂಸ್ಥೆಗಳಲ್ಲಿ, ಬಹುಕಾಲ ಹೆಸರೇ ಇರಲಿಲ್ಲ; ಅವಳು ಸ್ವಂತವಾಗಿ ಐದು ಲಕ್ಷದ ಸಾಲ ಕೇಳಲು ಹೋದರೆ ಹೊಸಬಳಾಗಿಯೇ ನಿಲ್ಲಬೇಕಿತ್ತು. ಸದಸ್ಯವಾರು ಮಾಹಿತಿ ನೀಡುವಂತೆ ರಿಸರ್ವ್ ಬ್ಯಾಂಕು 2016ರಲ್ಲಿ ಸೂಚಿಸಿತು. ಸಂಘದ ಸದಸ್ಯೆಯರಿಗಾಗಿ ಗ್ರಾಮೀಣ ಕ್ರೆಡಿಟ್ ಸ್ಕೋರ್ ರೂಪಿಸುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿತು.

ಕಿರುಸಾಲ ಮತ್ತು ಅದರ ಬಿಕ್ಕಟ್ಟುಗಳು

ಖಾಸಗಿ ಕಿರುಸಾಲ ಸಂಸ್ಥೆಗಳು ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಮಾದರಿಯಿಂದ ಪ್ರೇರಣೆ ಪಡೆದವು. ಆದರೆ ಈ ಸಂಸ್ಥೆಗಳಲ್ಲಿ ಉಳಿತಾಯದ ಮಾತಿಲ್ಲ. ಸಾಲವೇ ಮೊದಲು, ಸಾಲವೇ ಕೊನೆ. ಐದೋ ಹತ್ತೋ ಹೆಂಗಸರು ಸೇರಿ ಜಂಟಿ ಹೊಣೆಗಾರಿಕೆಯ ಗುಂಪಾಗುತ್ತಾರೆ, ಎಂದರೆ ಒಬ್ಬಳ ಸಾಲಕ್ಕೆ ಉಳಿದವರು ಜಾಮೀನು. ನಿಗದಿಯಾದ ವಾರ ಬೆಳಗ್ಗೆ ಯಾರದಾದರೂ ಮನೆಯ ಜಗಲಿಯಲ್ಲಿ ಸಂಸ್ಥೆಯ ನೌಕರ ಬಂದು ಕೂರುತ್ತಾನೆ. ಒಬ್ಬೊಬ್ಬರಾಗಿ ಕಂತು ಕಟ್ಟಿ ಕಾರ್ಡಿನಲ್ಲಿ ಬರೆಸಿಕೊಳ್ಳುತ್ತಾರೆ. ಒಬ್ಬಳು ಬಾರದಿದ್ದರೆ ಅವಳು ಬರುವವರೆಗೆ ಅಥವಾ ಉಳಿದವರು ಅವಳ ಪಾಲನ್ನು ಹೊಂದಿಸುವವರೆಗೆ ಯಾರೂ ಏಳುವಂತಿಲ್ಲ. ಮರುಪಾವತಿಯ ಪ್ರಮಾಣ ನೂರಕ್ಕೆ ಸಮೀಪವಾಗುವ ರಹಸ್ಯ ಇಲ್ಲಿದೆ. ನೆರೆಹೊರೆಯ ಸ್ನೇಹ ಮತ್ತು ಮರ್ಯಾದೆಯ ಭಯ ಇವೇ ಇಲ್ಲಿ ಒತ್ತೆಯಾಗುತ್ತವೆ. ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 20ನ್ನು ಮೀರಿರುತ್ತದೆ, ಖಾಸಗಿ ಲೇವಾದೇವಿಗಾರರ ಮೀಟರ್ ಬಡ್ಡಿಗಿಂತ ಇದು ಕಡಿಮೆಯೆಂಬುದು ನಿಜ, ಬ್ಯಾಂಕಿನ ಬಡ್ಡಿಗಿಂತ ಬಹಳ ಹೆಚ್ಚೆಂಬುದೂ ನಿಜ. ಸಾಲ ಪಡೆದವಳು ಹೆಂಡತಿಯಾದರೂ ಹಣ ಬಳಸುವವನು ಗಂಡನಾಗಿರುವುದು, ತೀರಿಸುವ ಹೊಣೆ ಮಾತ್ರ ಅವಳ ಮೇಲೆ ಉಳಿಯುವುದು ಬಾಂಗ್ಲಾದೇಶದಲ್ಲಿ ಆನ್ ಮೇರಿ ಗೆಟ್ಸ್ ಮತ್ತು ರೀನಾ ಸೇನ್ ಗುಪ್ತಾ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೇ ಬೆಳಕಿಗೆ ಬಂದಿತ್ತು.

ಒಂದೇ ಬೀದಿಯಲ್ಲಿ ನಾಲ್ಕೈದು ಸಂಸ್ಥೆಗಳು ಪೈಪೋಟಿಯಿಂದ ಸಾಲ ಕೊಟ್ಟಾಗ ಒಂದರ ಕಂತಿಗೆ ಇನ್ನೊಂದರಿಂದ ಸಾಲ ತರುವ ಸ್ಥಿತಿ ಬಂದಿತು. 2009ರಲ್ಲಿ ಕೋಲಾರ, ರಾಮನಗರ ಮೊದಲಾದ ರೇಷ್ಮೆ ಪ್ರದೇಶಗಳಲ್ಲಿ ಸಾಮೂಹಿಕವಾಗಿ ಮರುಪಾವತಿ ನಿಂತಿತು. ಮರುವರ್ಷ ಆಂಧ್ರಪ್ರದೇಶದಲ್ಲಿ ವಸೂಲಿಯ ಕಿರುಕುಳ ಮತ್ತು ಆತ್ಮಹತ್ಯೆಗಳ ವರದಿಗಳ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ತಾನು ನೇಮಿಸಿದ ಮಾಳೇಗಾಂ ಸಮಿತಿಯ ವರದಿಯ ಮೇಲೆ ರಿಸರ್ವ್ ಬ್ಯಾಂಕು 2011ರಲ್ಲಿ ಕಿರುಸಾಲ ಸಂಸ್ಥೆಗಳಿಗೆ ಪ್ರತ್ಯೇಕ ವರ್ಗ ರಚಿಸಿತು. 2022ರ ನಿಯಮಗಳಂತೆ ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಡುವ ಸಾಲವೇ ಕಿರುಸಾಲ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಹೋಗಬಾರದು. ಬಡ್ಡಿಯ ಮಿತಿಯನ್ನು ಮಾತ್ರ ಇದೇ ನಿಯಮಗಳು ತೆಗೆದುಹಾಕಿದವು. 2025ರ ಆರಂಭದಲ್ಲಿ ಕರ್ನಾಟಕದ ಚಾಮರಾಜನಗರ ಮೊದಲಾದ ಜಿಲ್ಲೆಗಳಿಂದ ವಸೂಲಿಗಾರರಿಗೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ತೊರೆದ ಸುದ್ದಿಗಳು ಬಂದಾಗ, ಬಲವಂತದ ವಸೂಲಿಗೆ 10 ವರ್ಷಗಳವರೆಗಿನ ಜೈಲು ಮತ್ತು 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ಫೆಬ್ರವರಿಯಲ್ಲಿ ಜಾರಿಯಾಗಿ, ಮುಂದೆ ವಿಧಾನಮಂಡಲದ ಒಪ್ಪಿಗೆಯನ್ನೂ ಪಡೆಯಿತು. ಶಿಕ್ಷೆ ವಸೂಲಿಯ ಕ್ರೌರ್ಯವನ್ನು ತಡೆದೀತು. ಆಸ್ಪತ್ರೆಯ ಖರ್ಚಿಗೆ ಸಾಲವೊಂದೇ ದಾರಿಯಾಗಿರುವ ಸ್ಥಿತಿಯನ್ನು ಅದು ಬದಲಾಯಿಸುವುದಿಲ್ಲ.

ಖಾತೆ ಮತ್ತು ನೇರ ವರ್ಗಾವಣೆ

2014ರ ಆಗಸ್ಟ್ 28ರಂದು ಆರಂಭವಾದ ಪ್ರಧಾನಮಂತ್ರಿ ಜನಧನ ಯೋಜನೆಯ ಖಾತೆಗಳು 2023ರ ವೇಳೆಗೆ 50 ಕೋಟಿ ದಾಟಿದವು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಮಹಿಳೆಯರವು. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಿಂದ ಜೂನ್‌ವರೆಗೆ, ಸುಮಾರು 20 ಕೋಟಿ ಮಹಿಳಾ ಖಾತೆಗಳಿಗೆ ತಿಂಗಳಿಗೆ 500 ರೂಪಾಯಿ ಜಮೆ ಮಾಡಲು ಸಾಧ್ಯವಾದದ್ದು ಇವುಗಳಿಂದಲೇ. ಕರ್ನಾಟಕದ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡು, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಮೂಲಕ ಒಂದು ಕೋಟಿಗೂ ಹೆಚ್ಚು ಮಹಿಳೆಯರನ್ನು ಬ್ಯಾಂಕಿನೊಂದಿಗೆ ನಿಯತವಾಗಿ ಬೆಸೆದಿದೆ. ಇದರ ರಾಜಕೀಯ ಗುಣದೋಷಗಳೇನೇ ಇರಲಿ, ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ದಾಖಲಾಗುವುದು, ಹಣ ಬಂದಿತೇ ಎಂದು ತಾನೇ ಹೋಗಿ ವಿಚಾರಿಸುವುದು ಹಣಕಾಸು ಒಳಗೊಳ್ಳುವಿಕೆಯ ದೃಷ್ಟಿಯಿಂದ ಸಣ್ಣ ಸಂಗತಿಗಳಲ್ಲ.

ಹಾಗಿದ್ದರೂ 2021ರ ಫಿಂಡೆಕ್ಸ್ ಪ್ರಕಾರ ಭಾರತದ ಖಾತೆದಾರರಲ್ಲಿ ಸುಮಾರು ಶೇ. 35ರಷ್ಟು ಮಂದಿಯ ಖಾತೆಗಳು ವರ್ಷದುದ್ದಕ್ಕೂ ನಿಷ್ಕ್ರಿಯವಾಗಿದ್ದವು. ಮಹಿಳೆಯರಲ್ಲಿ ಈ ಪ್ರಮಾಣ ಪುರುಷರಿಗಿಂತ ಹೆಚ್ಚು. ಶಾಖೆ ಹತ್ತು ಕಿಲೋಮೀಟರ್ ದೂರವಿದ್ದು, ಬಸ್ಸಿಗೆ ಕಾದು, ಸಾಲಿನಲ್ಲಿ ನಿಂತು ಐನೂರು ರೂಪಾಯಿ ತರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ಬ್ಯಾಂಕಿನ ಪರವಾಗಿ ಹಳ್ಳಿಯಲ್ಲೇ ಹಣ ಕೊಡುವ ಪ್ರತಿನಿಧಿಗಳು, ಅದರಲ್ಲೂ ಸಂಘದ ಸದಸ್ಯೆಯರಿಂದಲೇ ಆಯ್ಕೆಯಾದ ಬಿ.ಸಿ. ಸಖಿಯರು ಈ ದೂರವನ್ನು ತಗ್ಗಿಸಿದ್ದಾರೆ. ಆದರೆ ಅಡಿಕೆ ಸುಲಿದು, ಪಾತ್ರೆ ತಿಕ್ಕಿ, ಗಾರೆ ಕಲಸಿ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದಾಗ ಸಖಿಯೂ ಅಸಹಾಯಕಳು. ಮೊಬೈಲಿನ ಪಾವತಿಗೆ ಮೊದಲು ಮೊಬೈಲು ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲು ಇದ್ದದ್ದು ಶೇ. 54ರಷ್ಟು ಮಹಿಳೆಯರಿಗೆ. ಮನೆಗೊಂದೇ ಫೋನಿದ್ದು ಅದು ಗಂಡನ ಜೇಬಿನಲ್ಲಿದ್ದರೆ ಹೆಂಡತಿಯ ಖಾತೆಯ ಒ.ಟಿ.ಪಿ. ಹೋಗುವುದೂ ಆ ಜೇಬಿಗೇ.

ಉದ್ಯಮ ಸಾಲ

ನಿವ್ವಳ ಸಾಲದ ಶೇ. 5ರಷ್ಟನ್ನು ಮಹಿಳೆಯರಿಗೆ ನೀಡಬೇಕೆಂದು ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ 2000ರಲ್ಲಿ ಸೂಚಿಸಲಾಗಿತ್ತು. ಜನಸಂಖ್ಯೆಯ ಅರ್ಧದಷ್ಟಿರುವವರಿಗೆ ಗುರಿಯೇ ಅಷ್ಟಾಗಿತ್ತೆಂಬುದು ಗಮನಾರ್ಹ. ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ 2015ರ ಮುದ್ರಾ ಯೋಜನೆಯ ಖಾತೆಗಳಲ್ಲಿ ಮೂರನೆಯ ಎರಡು ಭಾಗದಷ್ಟು ಮಹಿಳೆಯರವಾದರೂ ಅವರ ಸಾಲಗಳು ಬಹುತೇಕ ಚಿಕ್ಕ ಮೊತ್ತದವು. 10 ಲಕ್ಷದಿಂದ 1 ಕೋಟಿ ರೂಪಾಯಿವರೆಗಿನ ಸಾಲವನ್ನು ಪ್ರತಿ ಶಾಖೆಯೂ ಕನಿಷ್ಠ ಒಬ್ಬ ಮಹಿಳೆಗೆ ಕೊಡಬೇಕೆಂದು ಹೇಳಿದ 2016ರ ಸ್ಟ್ಯಾಂಡ್ ಅಪ್ ಇಂಡಿಯಾ ಈ ಕೊರತೆ ತುಂಬಲೆಂದೇ ಬಂದದ್ದು. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷ ರೂಪಾಯಿವರೆಗಿನ ಬ್ಯಾಂಕ್ ಸಾಲಕ್ಕೆ ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಶೇ. 50, ಇತರರಿಗೆ ಶೇ. 30 ಸಹಾಯಧನ ದೊರೆಯುತ್ತದೆ. ಸಹಾಯಧನ ಮಂಜೂರಾದ ಮೇಲೂ ಬ್ಯಾಂಕು ಒಪ್ಪಬೇಕಾದ್ದರಿಂದ, ನಿಗಮದ ಆಯ್ಕೆಪಟ್ಟಿಯಲ್ಲಿ ಹೆಸರಿದ್ದವರೂ ಶಾಖೆಯಿಂದ ಶಾಖೆಗೆ ಅಲೆಯಬೇಕಾಗಿ ಬರುತ್ತದೆ.

ವಿಮೆ, ಭವಿಷ್ಯನಿಧಿ, ಪಿಂಚಣಿ

ಹಣಕಾಸು ಸೇವೆಗಳ ಪೈಕಿ ಮಹಿಳೆಗೆ ಅತ್ಯಂತ ಕಡಿಮೆ ಒದಗಿದ ವಿಭಾಗ ಇದು. ಜೀವ ವಿಮಾ ನಿಗಮ ಮಹಿಳೆಯರನ್ನು ಸ್ವಂತ ಗಳಿಕೆಯುಳ್ಳವರು, ಆಸ್ತಿ ಮುಂತಾದವುಗಳಿಂದ ಆದಾಯವುಳ್ಳವರು, ಸ್ವಂತ ಆದಾಯವಿಲ್ಲದವರು ಎಂದು ಮೂರು ವರ್ಗಗಳಾಗಿ ವಿಂಗಡಿಸಿ, ಕೊನೆಯ ವರ್ಗದವರ ವಿಮಾ ಮೊತ್ತವನ್ನು ಗಂಡನ ವಿಮೆಗೆ ತಳಕು ಹಾಕುವ ಪದ್ಧತಿ ಇರಿಸಿಕೊಂಡಿತ್ತು. ಗೃಹಿಣಿ ಅಪಘಾತದಲ್ಲಿ ಸತ್ತರೆ ಅವಳ ದುಡಿಮೆಗೆ ಬೆಲೆ ಕಟ್ಟಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ಲತಾ ವಾಧ್ವಾ ಮತ್ತು 2021ರ ಕೀರ್ತಿ ಪ್ರಕರಣಗಳಲ್ಲಿ ಹೇಳಿರುವಾಗ, ಬದುಕಿರುವಾಗ ಅದೇ ದುಡಿಮೆಗೆ ವಿಮೆ ಇಳಿಸಲು ಆದಾಯದ ಪುರಾವೆ ಕೇಳುವುದು ಅಸಂಗತವಾಗಿದೆ. ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವವಿಮೆ, 20 ರೂಪಾಯಿಗೆ ಅದೇ ಮೊತ್ತದ ಅಪಘಾತ ವಿಮೆ ನೀಡುವ ಪ್ರಧಾನಮಂತ್ರಿಗಳ ಹೆಸರಿನ ಯೋಜನೆಗಳು ಆದಾಯ ಕೇಳದಿರುವುದರಿಂದಲೇ ಮಹಿಳೆಯರನ್ನು ತಲುಪಿವೆ. ನಾಮನಿರ್ದೇಶನ ಮಾಡದೆ ಗಂಡ ತೀರಿಕೊಂಡಾಗ, ಅವನಿಗೆ ಯಾವ ಬ್ಯಾಂಕಿನಲ್ಲಿ ಖಾತೆಯಿತ್ತೆಂದೇ ತಿಳಿಯದ ವಿಧವೆ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ನ್ಯಾಯಾಲಯ ಅಲೆಯುವುದು ಈಗಲೂ ಕಾಣುವ ದೃಶ್ಯ. ಹಕ್ಕು ಕೇಳದೆ ಉಳಿದ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ಉದ್ಗಮ್ ಎಂಬ ಜಾಲತಾಣ ತೆರೆದಿದೆ.

ಭವಿಷ್ಯನಿಧಿಯ ವಿಷಯದಲ್ಲಿ ಮಹಿಳೆಯರು ತಮ್ಮ ಅಗತ್ಯವನ್ನು ತಾವೇ ಸಾರಿದ ಘಟನೆ ಬೆಂಗಳೂರಿನದು. ಉದ್ಯೋಗದಾತರ ವಂತಿಗೆಯನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲವೆಂದು 2016ರ ಫೆಬ್ರವರಿಯಲ್ಲಿ ಕೇಂದ್ರ ನಿಯಮ ಬದಲಿಸಿದಾಗ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಸಿದ್ಧ ಉಡುಪು ಕಾರ್ಮಿಕರು, ಬಹುಪಾಲು ಮಹಿಳೆಯರು, ಹೊಸೂರು ರಸ್ತೆ ಮತ್ತು ತುಮಕೂರು ರಸ್ತೆಗಳಿಗೆ ಇಳಿದರು. ಎರಡನೆಯ ದಿನವೇ ಸರ್ಕಾರ ಆದೇಶವನ್ನು ಹಿಂತೆಗೆದುಕೊಂಡಿತು. ವೃದ್ಧಾಪ್ಯದ ಭದ್ರತೆಗೆ ಒಳ್ಳೆಯದೇ ಆಗಿದ್ದ ನಿಯಮವನ್ನು ಕಾರ್ಮಿಕರು ತಿಳಿವಳಿಕೆಯಿಲ್ಲದೆ ವಿರೋಧಿಸಿದರೆಂಬ ಟೀಕೆ ಆಗ ಕೇಳಿಬಂದಿತ್ತು. ಆದರೆ ನಲವತ್ತರೊಳಗೆ ದೇಹ ಸೋತು ಕೆಲಸ ಬಿಡುವ, ಮಗಳ ಮದುವೆಗೂ ಮನೆಯ ಮುಂಗಡಕ್ಕೂ ಆ ಹಣವೊಂದನ್ನೇ ನೆಚ್ಚಿದ ಹೆಂಗಸಿಗೆ 58 ಎಂಬುದು ತಲುಪಲಾಗದ ವಯಸ್ಸು. ಅವಳ ಲೆಕ್ಕ ಸರಿಯಾಗಿಯೇ ಇತ್ತು. 2015ರ ಅಟಲ್ ಪಿಂಚಣಿ ಯೋಜನೆ 60ರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿ ಕೊಡುತ್ತದೆ. ಗರಿಷ್ಠ ಮೊತ್ತವೂ ಇಪ್ಪತ್ತು ವರ್ಷಗಳ ಬೆಲೆಯೇರಿಕೆಯ ಮುಂದೆ ಏನೂ ಅಲ್ಲ.

ಅಳತೆಯ ಪ್ರಶ್ನೆ

ಕೇಂದ್ರ ಸಾಂಖ್ಯಿಕ ಸಚಿವಾಲಯದ 2024ರ ಆವೃತ್ತಿಯ ಸ್ತ್ರೀಪುರುಷ ಅಂಕಿಅಂಶಗಳ ಪ್ರಕಟಣೆಯಂತೆ ದೇಶದ ಬ್ಯಾಂಕ್ ಖಾತೆಗಳಲ್ಲಿ ಶೇ. 39.2, ಗ್ರಾಮೀಣ ಭಾಗದಲ್ಲಿ ಶೇ. 42.2 ಮಹಿಳೆಯರವು. ಇದು ಹೆಸರಿನ ಎಣಿಕೆ. ಇದಕ್ಕಿಂತ ಅರ್ಥಪೂರ್ಣವಾದ ಪ್ರಶ್ನೆಯನ್ನು ಕೇಳಿದ್ದು ಹಣಕಾಸು ಇಲಾಖೆಯಲ್ಲ, ಕುಟುಂಬ ಆರೋಗ್ಯ ಸಮೀಕ್ಷೆ. ಖಾತೆಯಿದೆಯೇ ಎಂದಷ್ಟೇ ಕೇಳದೆ, ನೀವೇ ಬಳಸುವ ಖಾತೆಯಿದೆಯೇ ಎಂದು ಅದು ಕೇಳುತ್ತದೆ. ಹೌದೆಂದ ಮಹಿಳೆಯರು 2015–16ರಲ್ಲಿ ದೇಶದಲ್ಲಿ ಶೇ. 53, 2019–21ರಲ್ಲಿ ಶೇ. 78.6, ಕರ್ನಾಟಕದಲ್ಲಿ 2019–21ರ ಪ್ರಮಾಣ ಶೇ. 88.7. ಸಾಲ, ವಿಮೆ, ಪಿಂಚಣಿಗಳ ಬಗೆಗೂ ಇದೇ ಬಗೆಯ ಪ್ರಶ್ನೆಗಳು, ಎಂದರೆ ಸಾಲದ ಹಣವನ್ನು ಬಳಸಿದವರು ಯಾರು, ಕಂತು ಕಟ್ಟಿದವರು ಯಾರು, ವಿಮೆಯ ಪರಿಹಾರ ಯಾರ ಕೈ ಸೇರಿತು ಎಂಬವು, ಬ್ಯಾಂಕುಗಳ ಮತ್ತು ವಿಮಾ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಕಡ್ಡಾಯವಾಗಿ ಉತ್ತರ ಪಡೆಯಬೇಕು.